ನೀರಿನ ಅಂಕಪಟ್ಟಿ

ಮನೆಗೆ ಬರುವ ಕಾಗದಗಳಲ್ಲಿ ನಾವು ಒಂದಕ್ಷರವನ್ನೂ ಬಿಡದೆ ಓದುವಂಥವು ಕೆಲವು ಮಾತ್ರ. ಮದುವೆಯ ಕರೆಯೋಲೆ, ವಿದ್ಯುತ್ ಬಿಲ್ಲು, ಮಕ್ಕಳ ಅಂಕಪಟ್ಟಿ, ರಕ್ತಪರೀಕ್ಷೆಯ ವರದಿ. ಆದರೆ ಹುಟ್ಟಿದಂದಿನಿಂದ ದಿನವೂ ಕುಡಿಯುತ್ತ ಬಂದಿರುವ ನೀರಿನ ಪರೀಕ್ಷಾ ವರದಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಕಂಡರೂ ಅರ್ಥಮಾಡಿಕೊಂಡವರು ಎಷ್ಟು ಮಂದಿ? ಹತ್ತನೆಯ ತರಗತಿಯ ರಸಾಯನಶಾಸ್ತ್ರ ಕಲಿತ ಯಾರೇ ಆಗಲಿ ಆ ವರದಿಯನ್ನು ಓದಬಲ್ಲರು, ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಇಂದು ನಿಮ್ಮ ಮುಂದೆ ಇಡಲು ನಿಮಿತ್ತವಾದದ್ದು ಮಾತ್ರ ನೀವು ಊಹಿಸಲಾಗದ ಒಂದು ವಸ್ತು: ಬಿಯರ್!

ಹುಬ್ಬೇರಿಸಬೇಡಿ. ಈ ಮೇಷ್ಟ್ರು ಅದರ ರುಚಿಯನ್ನು ಕಂಡವರಲ್ಲ, ಈ ವಯಸ್ಸಿನಲ್ಲಿ ಕಾಣುವ ಉದ್ದೇಶವೂ ಇಲ್ಲ. ಅಮೆರಿಕದಲ್ಲಿ, ಮಿಷಿಗನ್ ಸರೋವರದ ದಡದ ಒಂದು ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದ: "ಸರ್, ಬೈಯಬಾರದು. ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ ಅಂಟಿಸಿಕೊಂಡಿದ್ದೇನೆ. ಕಪ್ಪು ಬಣ್ಣದ್ದು ಮಾಡಿದರೆ ಚೆನ್ನಾಗಿ ಬರುತ್ತದೆ. ಅದೇ ನಲ್ಲಿ ನೀರು, ಅದೇ ಪಾತ್ರೆ, ಆದರೆ ತಿಳಿ ಬಣ್ಣದ್ದು ಮಾಡಿದರೆ ಒಗರೊಗರು. ನೀರಿನ ವರದಿ ನೋಡು ಅನ್ನುತ್ತಾರೆ. ನೋಡಿದರೆ ತಲೆಬುಡ ತಿಳಿಯುತ್ತಿಲ್ಲ." ಅಲ್ಲಿ ಇದು ಕಾನೂನಿಗೆ ವಿರುದ್ಧವಲ್ಲ. 1978ರ ಕೇಂದ್ರ ಶಾಸನ ಮನೆಬಳಕೆಗೆ ಇಷ್ಟು ಪ್ರಮಾಣ ಎಂದು ಮಿತಿ ಹಾಕಿ ಅವಕಾಶ ಕೊಟ್ಟಿತು. ಕೊನೆಯ ಎರಡು ರಾಜ್ಯಗಳಾದ ಅಲಬಾಮ ಮತ್ತು ಮಿಸಿಸಿಪಿ 2013ರಲ್ಲಿ ಒಪ್ಪಿಕೊಂಡವು. ನಮ್ಮ ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ತಯಾರಿಸುವುದು ಅಬಕಾರಿ ಕಾಯಿದೆಯಡಿ ಅಪರಾಧ. ಇಲ್ಲಿರುವ ಶಿಷ್ಯರು ಉತ್ಸಾಹ ತೋರಬೇಕಾಗಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪಾನೀಯವಲ್ಲ, ಅದರ ಹಿಂದಿನ ಒಗಟು. ಒಂದೇ ನೀರು ಒಂದಕ್ಕೆ ಒಗ್ಗುತ್ತದೆ, ಇನ್ನೊಂದಕ್ಕೆ ಒಗ್ಗುವುದಿಲ್ಲ ಏಕೆ?

ನಮ್ಮ ಅಡುಗೆಮನೆಗಳ ಹೆಂಗಸರಿಗೆ ಇದು ಹೊಸ ಪ್ರಶ್ನೆಯೇನಲ್ಲ. ಕೊಳವೆಬಾವಿಯ ನೀರಿನಲ್ಲಿ ತೊಗರಿಬೇಳೆ ಎಷ್ಟು ಬೇಯಿಸಿದರೂ ಕಾಳು ಕಾಳಾಗಿ ಉಳಿಯುತ್ತದೆ, ಅದೇ ಬೇಳೆ ಕೆರೆ ನೀರಿನಲ್ಲೋ ಮಳೆ ನೀರಿನಲ್ಲೋ ಹೂವಿನಂತೆ ಅರಳುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಬೇಳೆಯ ಕೋಶಗಳನ್ನು ಬೆಸೆದಿರುವ ಪೆಕ್ಟಿನ್‌ನೊಂದಿಗೆ ಸೇರಿ ಅದನ್ನು ಬಿಗಿಗೊಳಿಸುವುದೇ ಇದರ ಕಾರಣ. ನಮ್ಮ ಅಜ್ಜಿಯಂದಿರು ಇದನ್ನು "ನೀರಿನ ಗುಣ" ಎಂದರು. ಪ್ರಯೋಗಾಲಯದವರು "ಗಡಸುತನ" ಎನ್ನುತ್ತಾರೆ.

ಬಿಯರ್ ಇತಿಹಾಸವೂ ಇದೇ ನೀರಿನ ಗುಣದ ಇತಿಹಾಸ. ಇಂಗ್ಲೆಂಡಿನ ಬರ್ಟನ್ ಎಂಬ ಊರಿನ ಬಾವಿಗಳ ನೀರು ಜಿಪ್ಸಂ ಪದರಗಳ ನಡುವೆ ಹಾದು ಬರುವುದರಿಂದ ಅದರಲ್ಲಿ ಸಲ್ಫೇಟ್ ಬಹಳ ಹೆಚ್ಚು. ಅಲ್ಲಿ ಖಾರವಾದ ಕಹಿಯುಳ್ಳ ತಿಳಿ ಬಣ್ಣದ 'ಏಲ್' ಹೆಸರುವಾಸಿಯಾಯಿತು. ಬೊಹೀಮಿಯದ ಪಿಲ್ಸೆನ್ ನಗರದ ನೀರು ಹೆಚ್ಚುಕಡಿಮೆ ಮಳೆ ನೀರಿನಷ್ಟು ಮೆದು. 1842ರಲ್ಲಿ ಯೋಸೆಫ್ ಗ್ರೋಲ್ ಎಂಬಾತ ಅಲ್ಲಿ ತಯಾರಿಸಿದ ಹೊಂಬಣ್ಣದ ಬಿಯರು ಇಂದು ಪ್ರಪಂಚವನ್ನೇ ಆಳುತ್ತಿದೆ. ಡಬ್ಲಿನ್‌ನ ಕ್ಷಾರೀಯ ನೀರಿಗೆ ಹೊಂದಿಕೊಂಡದ್ದು ಕರಿದಾದ 'ಸ್ಟೌಟ್'. ಆಯಾ ಊರಿನ ನೀರು ಆಯಾ ಊರಿನ ಪಾಕವನ್ನು ಆರಿಸಿಕೊಂಡಿತು. ಇನ್ನೂ ಒಂದು ಮಾತು. ನಿಮ್ಮಲ್ಲಿ ಹಲವರನ್ನು ಪರೀಕ್ಷೆಯಲ್ಲಿ ಕಾಡಿದ 'ಪಿಎಚ್' ಎಂಬ ಅಳತೆಯನ್ನು 1909ರಲ್ಲಿ ಸೋರೆನ್‌ಸೆನ್ ರೂಪಿಸಿದ್ದು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ, ಅಂದರೆ ಒಂದು ಬಿಯರ್ ಕಾರ್ಖಾನೆಯವರು ಕಟ್ಟಿದ ಪ್ರಯೋಗಾಲಯದಲ್ಲಿ!

ಇರಲಿ, ಈಗ ಶಿಷ್ಯನ ವರದಿಗೆ ಬರೋಣ. ಅಮೆರಿಕದ ಪ್ರತಿ ಸಾರ್ವಜನಿಕ ನೀರು ಸರಬರಾಜು ಸಂಸ್ಥೆಯೂ ವರ್ಷಕ್ಕೊಮ್ಮೆ ಗ್ರಾಹಕರಿಗೆ ಗುಣಮಟ್ಟದ ವರದಿ ಕೊಡಬೇಕೆಂದು 1996ರ ಶಾಸನ ತಿದ್ದುಪಡಿ ಕಡ್ಡಾಯಗೊಳಿಸಿತು. ಆತ ಮೊದಲು ಕಳುಹಿಸಿದ್ದು ಅದನ್ನೇ. ಅದರಲ್ಲಿ ಸೀಸ, ತಾಮ್ರ, ನೈಟ್ರೇಟ್, ರೋಗಾಣು ಎಲ್ಲವೂ ಇದ್ದವು. ಬಿಯರಿಗೆ ಬೇಕಾದ ಕ್ಯಾಲ್ಸಿಯಮ್ಮಾಗಲಿ ಕ್ಷಾರೀಯತೆಯಾಗಲಿ ಇರಲಿಲ್ಲ. ಇದರಲ್ಲಿ ಮೊದಲ ಪಾಠವಿದೆ: ವರದಿ ಎಂಬುದು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ. "ಕುಡಿದರೆ ಅಪಾಯವೇ?" ಎಂಬ ಪ್ರಶ್ನೆಗೆ ಬರೆದ ಉತ್ತರದಲ್ಲಿ "ಪಾಕಕ್ಕೆ ಒಗ್ಗುತ್ತದೆಯೇ?" ಎಂಬುದಕ್ಕೆ ಉತ್ತರ ಹುಡುಕಿದರೆ ಸಿಗುವುದಿಲ್ಲ. ಸಂಸ್ಥೆಯವರಿಗೆ ದೂರವಾಣಿ ಮಾಡಿ ಖನಿಜಾಂಶಗಳ ಪಟ್ಟಿ ಕೇಳು ಎಂದೆ. ಅವರು ಮರುದಿನವೇ ಕಳುಹಿಸಿದರಂತೆ. ಒಂದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಅದು ಸರಿಸುಮಾರು ಹೀಗಿತ್ತು: ಕ್ಯಾಲ್ಸಿಯಂ 35, ಮೆಗ್ನೀಸಿಯಂ 12, ಸೋಡಿಯಂ 9, ಸಲ್ಫೇಟ್ 26, ಕ್ಲೋರೈಡ್ 15, ಕ್ಷಾರೀಯತೆ 105.

ಎರಡನೆಯ ಪಾಠ, ಅಂಕಿಗಿಂತ ಮೊದಲು ಅದರ ಪಕ್ಕದ ಮಾನವನ್ನು ಓದಬೇಕು. ನಿಮಗೆ ನೆನಪಿರಬಹುದು, ಮಾನ ಬರೆಯದ ಉತ್ತರಕ್ಕೆ ನಾನು ಅರ್ಧ ಅಂಕ ಕಡಿಯುತ್ತಿದ್ದೆ. ಕ್ಷಾರೀಯತೆ 105 ಎಂದರೆ ನೀರಿನಲ್ಲಿ ಅಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇದೆಯೆಂದಲ್ಲ, 'ಅದಕ್ಕೆ ಸಮನಾದಷ್ಟು' ಎಂದರ್ಥ. ಅದನ್ನು ಬೈಕಾರ್ಬೊನೇಟ್ ಲೆಕ್ಕಕ್ಕೆ ತರಲು 1.22ರಿಂದ ಗುಣಿಸಬೇಕು. ಗಡಸುತನವೂ ಹಾಗೆಯೇ: ಕ್ಯಾಲ್ಸಿಯಮ್ಮನ್ನು 2.5ರಿಂದ, ಮೆಗ್ನೀಸಿಯಮ್ಮನ್ನು 4.12ರಿಂದ ಗುಣಿಸಿ ಕೂಡಿಸಿದರೆ ಒಟ್ಟು ಗಡಸುತನ, ಈ ನೀರಿಗೆ ಸುಮಾರು 137. ಕೆಲವು ಪ್ರಯೋಗಾಲಯಗಳು ಸಲ್ಫೇಟನ್ನು ಗಂಧಕದ ಲೆಕ್ಕದಲ್ಲಿ ಬರೆಯುತ್ತವೆ. ಅದನ್ನು ಮೂರರಿಂದ ಗುಣಿಸದಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಇದರ ಸೊಗಸಾದ ಉದಾಹರಣೆ ನೈಟ್ರೇಟ್. ಅಮೆರಿಕದ ಮಿತಿ 10, ನಮ್ಮ ಭಾರತೀಯ ಮಾನಕದ ಮಿತಿ 45. ನಮ್ಮವರು ನಾಲ್ಕುಪಟ್ಟು ಉದಾಸೀನರೆಂದು ಯಾರೋ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅವರದು ಸಾರಜನಕದ ಲೆಕ್ಕ, ನಮ್ಮದು ನೈಟ್ರೇಟಿನ ಲೆಕ್ಕ. 10ನ್ನು 4.43ರಿಂದ ಗುಣಿಸಿ ನೋಡಿ, ಎರಡೂ ಒಂದೇ!

ಮೂರನೆಯದು, ಹೆಸರುಗಳ ಗೊಂದಲ. ಕ್ಲೋರಿನ್ ಬೇರೆ, ಕ್ಲೋರೈಡ್ ಬೇರೆ. ಕ್ಲೋರಿನ್ ರೋಗಾಣುಗಳನ್ನು ಕೊಲ್ಲಲು ಬೆರೆಸಿದ್ದು. ಕ್ಲೋರೈಡ್ ನಾವು ತಿನ್ನುವ ಉಪ್ಪಿನ ಅರ್ಧಭಾಗ. ಬಿಯರಿನಲ್ಲಿ ಕ್ಲೋರೈಡ್ ಮಾಲ್ಟಿನ ರುಚಿಗೆ ತುಂಬುತನ ಕೊಡುತ್ತದೆ, ಸಲ್ಫೇಟ್ ಹಾಪ್ಸ್ ಹೂವಿನ ಕಹಿಯನ್ನು ಚುರುಕುಗೊಳಿಸುತ್ತದೆ. ಕ್ಲೋರಿನ್ ಮಾತ್ರ ಫೀನಾಲುಗಳೊಂದಿಗೆ ಸೇರಿ ಆಸ್ಪತ್ರೆಯ ಔಷಧದ ವಾಸನೆ ತರುತ್ತದೆ. ಕುದಿಸಿದರೆ ಕ್ಲೋರಿನ್ ಹೋಗುತ್ತದೆ. ಆದರೆ ಅಮೆರಿಕದ ಹಲವು ನಗರಗಳು ಬಳಸುವ ಕ್ಲೋರಮೀನ್ ಅಷ್ಟು ಸುಲಭವಾಗಿ ಹೋಗುವುದಿಲ್ಲ; ಅದಕ್ಕೆ ಮೆಟಾಬೈಸಲ್ಫೈಟ್ ಮಾತ್ರೆಯ ಚೂರು ಬೇಕಾಗುತ್ತದೆ.

ನಾಲ್ಕನೆಯದು, ವರದಿ ನಂಬಲರ್ಹವೇ ಎಂದು ನೋಡುವ ಉಪಾಯ. ಅಂಗಡಿಯ ಲೆಕ್ಕದಲ್ಲಿ ಜಮಾ-ಖರ್ಚು ತಾಳೆಯಾಗಬೇಕಾದಂತೆ ನೀರಿನಲ್ಲಿ ಧನ ಅಯಾನುಗಳೂ ಋಣ ಅಯಾನುಗಳೂ ತಾಳೆಯಾಗಬೇಕು. ಕ್ಯಾಲ್ಸಿಯಮ್ಮನ್ನು 20ರಿಂದ, ಮೆಗ್ನೀಸಿಯಮ್ಮನ್ನು 12ರಿಂದ, ಸೋಡಿಯಮ್ಮನ್ನು 23ರಿಂದ ಭಾಗಿಸಿ ಕೂಡಿಸಿದರೆ ಸುಮಾರು 3.1. ಕ್ಷಾರೀಯತೆಯನ್ನು 50ರಿಂದ, ಸಲ್ಫೇಟನ್ನು 48ರಿಂದ, ಕ್ಲೋರೈಡನ್ನು 35.5ರಿಂದ ಭಾಗಿಸಿ ಕೂಡಿಸಿದರೂ ಸುಮಾರು 3.1. ತಾಳೆಯಾಯಿತು. ಎರಡೂ ಬದಿ ದೂರ ದೂರ ನಿಂತರೆ ಯಾವುದೋ ಅಂಕಿ ತಪ್ಪಿದೆ, ಇಲ್ಲವೇ ಯಾವುದೋ ಅಂಶ ಬಿಟ್ಟುಹೋಗಿದೆ ಎಂದು ತಿಳಿಯಬೇಕು.

ಈಗ ಒಗಟಿನ ಉತ್ತರ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ನೆನೆಹಾಕಿದಾಗ ಅದರ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಹಿಟ್ಟುನೀರಿನ ಪಿಎಚ್ 5.2ರಿಂದ 5.6ರೊಳಗೆ ಇದ್ದರೆ ಚೆನ್ನ. ಅದಕ್ಕಿಂತ ಏರಿದರೆ ಬಾರ್ಲಿಯ ಹೊಟ್ಟಿನಲ್ಲಿರುವ ಟ್ಯಾನಿನ್ ಬಿಟ್ಟುಕೊಂಡು ಒಗರಾಗುತ್ತದೆ. ನಲ್ಲಿ ನೀರಿನ ಪಿಎಚ್ ನೋಡಿ ಇದನ್ನು ಹೇಳಲಾಗದು. ಪಿಎಚ್ ಎಂಬುದು ತರಗತಿಯ ಹುಡುಗನ ಇಂದಿನ ಮುಖಭಾವವಿದ್ದಂತೆ. ಕ್ಷಾರೀಯತೆ ಅವನ ಹಟವಿದ್ದಂತೆ. ಬದಲಾಯಿಸಲು ಹೋದಾಗ ಎಷ್ಟು ಪ್ರತಿರೋಧ ಬರುತ್ತದೆಂಬುದನ್ನು ಹೇಳುವುದು ಹಟವೇ ಹೊರತು ಮುಖಭಾವವಲ್ಲ. ಕ್ಯಾಲ್ಸಿಯಮ್ಮೂ ಮೆಗ್ನೀಸಿಯಮ್ಮೂ ಮಾಲ್ಟಿನ ಫಾಸ್ಫೇಟುಗಳೊಂದಿಗೆ ವರ್ತಿಸಿ ಈ ಹಟವನ್ನು ಒಂದಿಷ್ಟು ಮುರಿಯುತ್ತವೆ. ಉಳಿದದ್ದೇ 'ಉಳಿಕೆ ಕ್ಷಾರೀಯತೆ'. ಈ ಕಲ್ಪನೆಯನ್ನು ಕೊಟ್ಟವನು ಜರ್ಮನಿಯ ಕೋಲ್‌ಬಾಖ್. ಸೂತ್ರ ಸರಳ: ಕ್ಯಾಲ್ಸಿಯಮ್ಮನ್ನು 1.4ರಿಂದ, ಮೆಗ್ನೀಸಿಯಮ್ಮನ್ನು 1.7ರಿಂದ ಭಾಗಿಸಿ, ಎರಡನ್ನೂ ಕೂಡಿಸಿ ಕ್ಷಾರೀಯತೆಯಿಂದ ಕಳೆಯುವುದು. ಶಿಷ್ಯನ ನೀರಿಗೆ 105ರಲ್ಲಿ 25 ಮತ್ತು 7 ಹೋಗಿ 73 ಉಳಿಯಿತು. ಹುರಿದ ಕಪ್ಪು ಮಾಲ್ಟಿನಲ್ಲಿ ಆಮ್ಲೀಯತೆ ಹೆಚ್ಚು, ಅದು ಆ 73ನ್ನು ಅರಗಿಸಿಕೊಳ್ಳುತ್ತದೆ. ತಿಳಿ ಮಾಲ್ಟಿಗೆ ಆ ಶಕ್ತಿಯಿಲ್ಲ. ಹೀಗಾಗಿ ಕಪ್ಪಿಗೆ ಒಗ್ಗಿದ ನೀರು ತಿಳಿಗೆ ಒಗ್ಗಲಿಲ್ಲ.

ಪರಿಹಾರವೂ ಲೆಕ್ಕದಲ್ಲೇ ಇದೆ. ಅರ್ಧ ನಲ್ಲಿ ನೀರಿಗೆ ಅರ್ಧ ಆರ್‌ಓ ನೀರು ಬೆರೆಸಿದರೆ ಎಲ್ಲವೂ ಅರ್ಧಕ್ಕೆ ಇಳಿಯುತ್ತದೆ. 20 ಲೀಟರಿಗೆ 4 ಗ್ರಾಂ ಜಿಪ್ಸಂ ಹಾಕಿದರೆ ಲೀಟರಿಗೆ ಸುಮಾರು 47 ಮಿ.ಗ್ರಾಂ ಕ್ಯಾಲ್ಸಿಯಂ, 112 ಮಿ.ಗ್ರಾಂ ಸಲ್ಫೇಟ್ ಸೇರುತ್ತದೆ. ಆಗ ಕ್ಯಾಲ್ಸಿಯಂ 64ರ ಆಸುಪಾಸು. ಉಳಿಕೆ ಕ್ಷಾರೀಯತೆ ಸೊನ್ನೆಯ ಹತ್ತಿರ. ಜಿಪ್ಸಮ್ಮಿನ ಅಣುತೂಕ 172, ಅದರಲ್ಲಿ ಕ್ಯಾಲ್ಸಿಯಂ 40. ಇದಕ್ಕೆ ಬೇಕಾದದ್ದು ನೀವೆಲ್ಲ ಒಂದು ಕಾಲದಲ್ಲಿ ಗೊಣಗುತ್ತ ಮಾಡಿದ ಶೇಕಡಾವಾರು ಲೆಕ್ಕ, ಅಷ್ಟೇ. ಒಗರು ಹೋಯಿತೆಂದು ಆತ ಬರೆದಿದ್ದಾನೆ. ಸಂತೋಷ!

ಆದರೆ ಅಂದಿನಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವುದು ಬೇರೆಯೇ ವಿಚಾರ. ವಿನೋದಕ್ಕಾಗಿ ಬಿಯರ್ ಮಾಡುವವನು ತನ್ನ ನೀರಿನ ವರದಿಯನ್ನು ಇಷ್ಟು ಶ್ರದ್ಧೆಯಿಂದ ಓದುತ್ತಾನೆ. ಮಕ್ಕಳಿಗೆ ಅದೇ ನೀರನ್ನು ಕುಡಿಸುವ ನಾವು ಏಕೆ ಓದುವುದಿಲ್ಲ?

ಬಯಲುಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನಿದ್ದಾಗ, ಮುಂದಿನ ಬೆಂಚಿನ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆಗಳು ಕಾಣುತ್ತಿದ್ದವು. ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಆ ಮಕ್ಕಳನ್ನು ಗದರಿಸುವವರಿದ್ದರು. ಬೈಗುಳಕ್ಕೆ ಹೆದರಿ ಒಬ್ಬ ಹುಡುಗಿ ಇಟ್ಟಿಗೆಪುಡಿಯಿಂದ ಉಜ್ಜಿ ಒಸಡಿನಲ್ಲಿ ರಕ್ತ ಬರಿಸಿಕೊಂಡಿದ್ದಳು. ಊರಿನ ಕೊಳವೆಬಾವಿಯ ನೀರನ್ನು ಅದಕ್ಕೂ ಹಿಂದೆಯೇ ಪರೀಕ್ಷಿಸಲಾಗಿತ್ತು. ಫ್ಲೋರೈಡ್ ಎಂಬ ಸಾಲಿನ ಮುಂದೆ 2.8 ಎಂದಿತ್ತು. ಆ ಹಾಳೆ ಒಂದು ಕಚೇರಿಯ ಕಡತದಲ್ಲಿ, ಇಂಗ್ಲಿಷಿನಲ್ಲಿ, ಯಾರೂ ಓದದೆ ಮಲಗಿತ್ತು. ನಮ್ಮ ಮಾನಕದ ಪ್ರಕಾರ ಫ್ಲೋರೈಡ್ 1ರೊಳಗಿರಬೇಕು; ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಮಾಡದ ತಪ್ಪಿಗೆ ಮಕ್ಕಳು ಬೈಸಿಕೊಂಡರು. ಹಲ್ಲಿನ ಗೆರೆ ಜೀವಮಾನವಿಡೀ ಉಳಿಯುವಂಥದ್ದು. ಹಲವು ವರ್ಷ ಅದೇ ನೀರು ಮುಂದುವರಿದರೆ ಮೂಳೆಗೂ ಇಳಿಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಓದಬಲ್ಲ ಒಬ್ಬರ ಕೈಗೆ ಆ ಹಾಳೆ ಮೊದಲೇ ಸಿಕ್ಕಿದ್ದರೆ ಎಂದು ನಾನು ಇಂದಿಗೂ ಯೋಚಿಸುತ್ತೇನೆ.

"ಈಗ ಮನೆಮನೆಗೂ ಆರ್‌ಓ ಯಂತ್ರ ಬಂದಿದೆಯಲ್ಲ, ಇನ್ನೇನು ಚಿಂತೆ?" ಎಂದು ನಮ್ಮ ನೆಂಟರೊಬ್ಬರು ಕೇಳಿದರು. ಅವರ ಮನೆಗೆ ಮಾರಾಟಗಾರನೊಬ್ಬ ಬಂದು ಎರಡು ಲೋಟಗಳಲ್ಲಿ ವಿದ್ಯುತ್ ಕಡ್ಡಿಗಳನ್ನು ಅದ್ದಿ ತೋರಿಸಿದ್ದ. ಅವನ ಯಂತ್ರದ ನೀರು ತಿಳಿಯಾಗಿಯೇ ಉಳಿಯಿತು, ನಲ್ಲಿಯ ನೀರು ಕಂದುಬಣ್ಣದ ಕೊಚ್ಚೆಯಾಯಿತು. ನೆಂಟರು ಗಾಬರಿಯಾಗಿ ಅಂದೇ ಹಣ ಕಟ್ಟಿದರು. ಆ ಕೊಚ್ಚೆ ನೀರಿನಲ್ಲಿ ಇದ್ದದ್ದಲ್ಲ, ಕಡ್ಡಿಯಲ್ಲಿದ್ದ ಕಬ್ಬಿಣ ಕರಗಿ ಬಂದದ್ದು! ಲವಣವಿರುವ ನೀರು ವಿದ್ಯುತ್ತನ್ನು ಒಯ್ಯುತ್ತದೆ, ಲವಣ ತೆಗೆದ ನೀರು ಹೆಚ್ಚುಕಡಿಮೆ ಒಯ್ಯುವುದಿಲ್ಲ. ವಿದ್ಯುದ್ವಿಭಜನೆಯ ಪಾಠವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತದ್ದಕ್ಕೆ ತೆತ್ತ ದಂಡ ಅದು.

ಅಂಥವರ ಇನ್ನೊಂದು ಆಯುಧ ಟಿಡಿಎಸ್ ಮೀಟರ್. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಎಲ್ಲ ಘನವಸ್ತುಗಳ ಒಟ್ಟು ಮೊತ್ತ. ಮೇಷ್ಟ್ರ ಭಾಷೆಯಲ್ಲಿ ಹೇಳುವುದಾದರೆ ಅದು ಅಂಕಪಟ್ಟಿಯ ಕೊನೆಯ ಸಾಲು, 'ಒಟ್ಟು'. ಮಗನ ಒಟ್ಟು ಅಂಕ ನೋಡಿ ಹಿಗ್ಗಿದ ತಂದೆ, ಅವನು ಗಣಿತದಲ್ಲಿ ನಪಾಸಾಗಿರುವುದನ್ನು ಕಾಣದಿದ್ದರೆ ಏನೆನ್ನೋಣ? ಫ್ಲೋರೈಡ್ 0.8 ಇದ್ದದ್ದು 2.8 ಆದರೆ ಟಿಡಿಎಸ್ ಹೆಚ್ಚುವುದು ಎರಡೇ ಎರಡು ಮಿಲಿಗ್ರಾಂ. ಮೀಟರಿಗೆ ಅದು ಗೊತ್ತಾಗುವುದೇ ಇಲ್ಲ. ರೋಗಾಣುಗಳಂತೂ ಅದರ ಲೆಕ್ಕಕ್ಕೇ ಬಾರವು. 450 ತೋರಿಸುವ ನೀರು ಕ್ಯಾಲ್ಸಿಯಂ, ಬೈಕಾರ್ಬೊನೇಟುಗಳಿಂದಲೇ ಹಾಗಿದ್ದು ನಿರಪಾಯಕರವಾಗಿರಬಹುದು. 200 ತೋರಿಸುವ ನೀರಿನಲ್ಲಿ ಒಂದು ಸಾಲು ನಪಾಸಾಗಿರಬಹುದು. ನಾನು ಆರ್‌ಓ ವಿರೋಧಿಯಲ್ಲ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಅಂಥ ಶುದ್ಧೀಕರಣ ನಿಜಕ್ಕೂ ಬೇಕು. ಆದರೆ ಕಾವೇರಿಯ ಮೆದು ನೀರು ಬರುವ ಮನೆಯಲ್ಲೂ ಅದನ್ನೇ ಹಾಕಿಸಿ, ಸೋಸಿದ್ದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡುವುದು ಯಾವ ಜಾಣತನ? ಬೇಕೋ ಬೇಡವೋ ಎಂದು ಹೇಳಬೇಕಾದದ್ದು ಮಾರುವವನಲ್ಲ, ವರದಿ.

ಇನ್ನು ಕೆಲವರ ವಾದ, "ಸಾಮಾನ್ಯರಿಗೆ ಇದೆಲ್ಲ ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದಂತೆ" ಎಂಬುದು. ಒಪ್ಪಲಾರೆ. ಇದೇ ಸಾಮಾನ್ಯರು ಇಂದು ಸಕ್ಕರೆ ಕಾಯಿಲೆಯ ಊಟದ ಮೊದಲಿನ ಅಂಕಿ ಎಷ್ಟು, ನಂತರದ್ದು ಎಷ್ಟು ಎಂದು ಬಾಯಲ್ಲೇ ಹೇಳುತ್ತಾರೆ. ಅಗತ್ಯವೆನಿಸಿದ್ದನ್ನು ಜನ ಕಲಿಯುತ್ತಾರೆ. ಜಲ ಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆ ಇದೆ. ಪರೀಕ್ಷಿಸಲು ಕಲಿತವರಿಗೆ ಓದಲು ಬಾರದೇ?

ಆದ್ದರಿಂದ ನನ್ನ ಸಲಹೆಗಳು ಮೂರು. ಒಂಬತ್ತು ಅಥವಾ ಹತ್ತನೆಯ ತರಗತಿಯಲ್ಲಿ ಪ್ರತಿ ಮಗುವೂ ತನ್ನ ಊರಿನ ನೀರಿನ ವರದಿಯನ್ನು ತಂದು ಮಾನ, ಮಿತಿ, ತಾಳೆ ಈ ಮೂರನ್ನೂ ನೋಡುವ ಒಂದು ಪಾಠವಿರಲಿ. ಉಪಕರಣದ ಖರ್ಚಿಲ್ಲ, ಎರಡು ಪೀರಿಯಡ್ ಸಾಕು. ಎರಡನೆಯದು, ವರದಿ ಕನ್ನಡದಲ್ಲಿರಲಿ. ಸರಾಸರಿಯೊಂದನ್ನೇ ಕೊಡದೆ ವರ್ಷದ ಅತಿ ಕಡಿಮೆ, ಅತಿ ಹೆಚ್ಚು ಅಂಕಿಗಳನ್ನೂ ಕೊಡಲಿ, ಏಕೆಂದರೆ ನಾವು ಕುಡಿಯುವುದು ಸರಾಸರಿ ನೀರನ್ನಲ್ಲ, ಆಯಾ ದಿನದ ನೀರನ್ನು. ಅದನ್ನು ನೀರಿನ ಟ್ಯಾಂಕಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲಿ. ಮೂರನೆಯದು ನಿಮಗೆ. ಎಲ್ಲೇ ಇರಿ, ವರ್ಷಕ್ಕೊಮ್ಮೆ ನಿಮ್ಮ ನೀರಿನ ವರದಿಯನ್ನು ಕೇಳಿ ಪಡೆಯಿರಿ. ಸ್ವಂತ ಕೊಳವೆಬಾವಿಯಿದ್ದರೆ ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿ. ಕೊನೆಯ ಸಾಲಿಗೆ ಕಣ್ಣು ಹಾಕುವ ಮೊದಲು ಫ್ಲೋರೈಡ್, ನೈಟ್ರೇಟ್, ರೋಗಾಣು ಈ ಮೂರು ಸಾಲುಗಳನ್ನು ನೋಡಿ.

ಅರ್ಥವಾಗದಿದ್ದರೆ ನನಗೆ ಕಳುಹಿಸಿ. ನಿವೃತ್ತನಿಗೆ ಬಿಡುವು ಬೇಕಾದಷ್ಟಿದೆ, ಕೆಂಪು ಪೆನ್ನಿನಲ್ಲಿ ಮಸಿಯೂ ಇದೆ. ಆದರೆ ಮಾನ ಬರೆಯದೆ ಬರೀ ಅಂಕಿ ಕಳುಹಿಸಿದರೆ ಅರ್ಧ ಅಂಕ ಈಗಲೂ ಕಡಿಯುತ್ತೇನೆ.